ಗ್ಯಾಸ್ ತುಂಬಿಸುವ ಮುನ್ನ ‘ಟಕ್ ಟಕ್’ ಕೇಳಿ

ಎಡಪ್ಪಳ್ಳಿ: ರಾಷ್ಟ್ರೀಯ ಹೆದ್ದಾರಿ 66 ಮತ್ತು 544 ಸೇರುವ ಇಲ್ಲಿಂದ ಮಳೆಗಾಲದಲ್ಲಿ ಕಾಸರಗೋಡು, ಮಂಗಳೂರಿನತ್ತ ಕಾರಿನಲ್ಲಿ ಊರಿಗೆ ಹೊರಡುವ ಕನ್ನಡಿಗರ ಗಮನಕ್ಕೆ. ಎ.ಸಿ. ತಂಪಾಗದಿದ್ದರೆ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಖಾಲಿ’. ಆದರೆ ದೋಷ, ಡ್ಯಾಶ್‌ಬೋರ್ಡಿನೊಳಗೆ ಗಾಳಿಯ ಬಾಗಿಲು ತಿರುಗಿಸುವ ಆಕ್ಚುಯೇಟರ್ ಎಂಬ ಪುಟ್ಟ ಮೋಟಾರಿನದ್ದೂ ಇರಬಹುದು.

ಎಂಜಿನ್ ಚಾಲೂ ಮಾಡಿ, ಪೂರ್ತಿ ತಂಪಿನಿಂದ ಪೂರ್ತಿ ಬಿಸಿಗೆ ತಿರುಗಿಸಿ. ಟಕ್ ಟಕ್ ಸದ್ದು ಬಂದರೆ ಪ್ಲಾಸ್ಟಿಕ್ ಗಿಯರಿನ ಹಲ್ಲು ಮುರಿದಿರುವ ಸಾಧ್ಯತೆ ಹೆಚ್ಚು. ಸದ್ದೂ ಇಲ್ಲ, ಗಾಳಿಯೂ ಬದಲಾಗುವುದಿಲ್ಲ ಎಂದರೆ ಫ್ಯೂಸ್, ಕನೆಕ್ಟರ್ ನೋಡಿಸಿ. ಬಾನೆಟ್‌ನಡಿಯ ಎ.ಸಿ. ಪೈಪು ತಣ್ಣಗಿದ್ದೂ ಒಳಗೆ ಬಿಸಿಗಾಳಿ ಬಂದರೆ ಸಂಶಯ ಬಾಗಿಲಿನ ಮೇಲೆಯೇ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಮೋಟಾರಿನ ಬದಲು ಕೇಬಲ್ ಇರುತ್ತದೆ.

ಗಾಜಿನತ್ತ ಗಾಳಿ ಬಿಡುವ ಬಾಗಿಲು ಕೈಕೊಟ್ಟರೆ ಜಡಿಮಳೆಯಲ್ಲಿ ಮುಂದಿನ ಗಾಜು ಮಸುಕಾಗಿ ರಸ್ತೆಯೇ ಕಾಣದು. ಇದು ಖರ್ಚಿನ ಮಾತಷ್ಟೇ ಅಲ್ಲ, ಜೀವದ ಮಾತು. ಹೊರಡುವ ಮುನ್ನವೇ ಪರೀಕ್ಷಿಸಿಕೊಳ್ಳಿ.