ದಾನ ಮಗುವಿಗಷ್ಟೇ ಸಾಲದು, ವ್ಯವಸ್ಥೆಗೂ ಬೇಕು

ಅನಾಥ ಮಗುವಿಗೆ ಊಟ, ಬಟ್ಟೆ ಕೊಡುವ ದಾನಿಗಳು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಆದರೆ ಪೊಲೀಸ್ ಠಾಣೆ, ಆಸ್ಪತ್ರೆ, ಬಾಲಮಂದಿರಗಳು ಆ ಮಗುವನ್ನು ನಡೆಸಿಕೊಳ್ಳುವ ರೀತಿಯನ್ನೇ ಬದಲಿಸಲು ಹೊರಟವರ ಮನೆ ಬಾಡಿಗೆ ಕಟ್ಟುವವರು ಯಾರು?

ಅಮೆರಿಕದ ಬಿಲ್ ಡ್ರೇಟನ್ 1980ರಲ್ಲಿ ಸ್ಥಾಪಿಸಿದ ‘ಅಶೋಕ’ ಸಂಸ್ಥೆಯ ಫೆಲೋಶಿಪ್ ಇದಕ್ಕೊಂದು ಉತ್ತರ. ಹೆಸರು ಮೌರ್ಯ ಚಕ್ರವರ್ತಿಯದು; ಮೊದಲ ಫೆಲೋ ಮುಂಬೈನ ಶಿಕ್ಷಕಿ ಗ್ಲೋರಿಯಾ ಡಿಸೋಜಾ. ಆಯ್ಕೆಯಾದವರಿಗೆ ಸಾಮಾನ್ಯವಾಗಿ 3 ವರ್ಷ ಜೀವನವೆಚ್ಚ ಸಿಗುತ್ತದೆ. ಸಂಬಳದ ಚಿಂತೆಯಿಲ್ಲದೆ ತಮ್ಮ ಆಲೋಚನೆಯ ಬೆನ್ನು ಹತ್ತಬಹುದು.

ಅಂಥ ಫೆಲೋಗಳಲ್ಲಿ ಜೆರೂ ಬಿಲಿಮೋರಿಯಾ ಒಬ್ಬರು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದ ಅವರಿಗೆ ಮುಂಬೈನ ಬೀದಿಮಕ್ಕಳು ಹೊತ್ತುಗೊತ್ತಿಲ್ಲದೆ ಫೋನ್ ಮಾಡುತ್ತಿದ್ದರು. ಒಬ್ಬರ ಫೋನಿನಿಂದ ಎಷ್ಟು ಮಕ್ಕಳಿಗೆ ನೆರವಾದೀತು? ಹೀಗೆ ಅವರಿಂದ 1996ರಲ್ಲಿ ‘ಚೈಲ್ಡ್‌ಲೈನ್’ ಎಂಬ 1098 ಮಕ್ಕಳ ಸಹಾಯವಾಣಿ ಶುರುವಾಯಿತು. ಕರೆ ಉಚಿತ, ಹಗಲೂ ರಾತ್ರಿಯೂ ಲಭ್ಯ.

ಕರೆ ಎತ್ತುವುದು ಸುಲಭದ ಭಾಗ. ಮಗುವಿನ ದೂರಿಗೆ ಪೊಲೀಸರು ಕಿವಿಗೊಡಬೇಕು, ಆಸ್ಪತ್ರೆ ಬಾಗಿಲು ತೆರೆಯಬೇಕು. ಹಾಗಾಗಿ ಚೈಲ್ಡ್‌ಲೈನ್ ಈ ಇಲಾಖೆಗಳ ಸಿಬ್ಬಂದಿಗೂ ತರಬೇತಿ ಕೊಟ್ಟಿತು.

ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡಿದ ಕೈಲಾಶ್ ಸತ್ಯಾರ್ಥಿ ಕೂಡ ಅಶೋಕ ಫೆಲೋ. 2014ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇನ್ನು ಚೈಲ್ಡ್‌ಲೈನ್‌ಗೆ ಬಂದರೆ, 2023ರಲ್ಲಿ 1098ರ ನಿರ್ವಹಣೆಯನ್ನು ಸ್ವಯಂಸೇವಾ ಸಂಸ್ಥೆಗಳಿಂದ ಸರ್ಕಾರವೇ ವಹಿಸಿಕೊಂಡು, ತುರ್ತು ಸಂಖ್ಯೆ 112ರ ಜತೆ ಜೋಡಿಸತೊಡಗಿತು. ಕರ್ನಾಟಕದ ಜಿಲ್ಲೆಗಳಲ್ಲೂ ಈಗ ಈ ಕರೆಗಳಿಗೆ ಸ್ಪಂದಿಸುವ ಹೊಣೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳದು.