ಅಂಗಡಿ ಎರಡಾದರೆ ಹಳೇ ಕೆಲಸಗಾರನ ಲೆಕ್ಕ ಯಾರ ಮೇಲೆ?

ಅಂಗಡಿಗಳಲ್ಲಿ ಮಾರುವ ಸಂತೂರ್ ಸೋಪು ಮೊದಲು ವಿಪ್ರೋ ಐಟಿ ಕಂಪನಿಯ ಜೊತೆಗೇ ಇತ್ತು. 2013ರಲ್ಲಿ ಸೋಪು, ಬಲ್ಬಿನ ವ್ಯವಹಾರವನ್ನು ಬೇರ್ಪಡಿಸಿ ವಿಪ್ರೋ ಎಂಟರ್‌ಪ್ರೈಸಸ್ ಅನ್ನೋ ಬೇರೆ ಕಂಪನಿಗೆ ವಹಿಸಲಾಯಿತು. ದೊಡ್ಡ ಕಂಪನಿಗಳು ಇದನ್ನೆಲ್ಲ ಕಾಗದದ ಮೇಲೆ ಮಾಡ್ತವೆ. ಆದರೆ ಕಿರಾಣಿ ಸಗಟು ಅಂಗಡಿಯ ಅಣ್ಣ, ಮಸಾಲೆ ಪುಡಿ ಘಟಕವನ್ನು ತಮ್ಮನಿಗೆ ಬಿಟ್ಟುಕೊಡುವಾಗ ಬಾಯಿಮಾತಲ್ಲೇ ಮುಗಿಸಿಬಿಟ್ಟರೆ? ಜಗಳ ಶುರುವಾಗೋದೇ ಅಲ್ಲಿ.

60 ಸಾವಿರ ಕೊಡೋರು ಯಾರು?

8 ವರ್ಷ ದುಡಿದವನಿಗೆ ‘ನಾಳೆಯಿಂದ ಪುಡಿ ಘಟಕಕ್ಕೆ ಹೋಗಪ್ಪ’ ಅಂದರೆ ಸಾಲದು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, 5 ವರ್ಷ ಸತತ ಸೇವೆ ಮುಗಿಸಿದವರು ಕೆಲಸ ಬಿಡುವಾಗ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ ಕೊಡಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂ. ಇದ್ದರೆ, 26ರಿಂದ ಭಾಗಿಸಿ ದಿನಕ್ಕೆ 500 ರೂ. 15 ದಿನಕ್ಕೆ 7,500. 8 ವರ್ಷಕ್ಕೆ 60,000 ರೂ. ಇದು ಅಣ್ಣನ ಮೇಲೋ, ತಮ್ಮನ ಮೇಲೋ? ಹೊಸ ಘಟಕವೇ ಮುಂದೆ ಕೊಡೋದಾದರೆ, ಅಷ್ಟು ದುಡ್ಡನ್ನು ಪಾಲಾಗುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ಪತ್ರದಲ್ಲಿ ಮೂರು ಮಾತು

ಕೆಲಸಗಾರನ ಒಪ್ಪಿಗೆ ಪಡೆದು ಪತ್ರ ಕೊಡಬೇಕು. ಅದರಲ್ಲಿ, ಸೇವೆ ನಡುವೆ ಕಡಿದಿಲ್ಲ, ಸಂಬಳ-ರಜೆ ಮೊದಲಿಗಿಂತ ಕಡಿಮೆಯಾಗೋದಿಲ್ಲ, ಮುಂದೆ ಕೆಲಸದಿಂದ ತೆಗೆದರೆ ಹಳೇ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡ್ತೇವೆ ಅನ್ನೋ ಮೂರು ಮಾತು ಇರಲಿ. ಇವು ಇಲ್ಲದೆ ಮಾಲೀಕರು ಬದಲಾದರೆ, ಕೆಲಸದಿಂದ ತೆಗೆದಂತೆ ಪರಿಹಾರ ಕೇಳುವ ಹಕ್ಕು ಕಾರ್ಮಿಕನಿಗೆ ಬರುತ್ತೆ. ಪಿಎಫ್ ಇದ್ದರೆ ಹಳೇ ಯುಎಎನ್ ನಂಬರನ್ನೇ ಮುಂದುವರಿಸಬೇಕು.

ಅಂಗಡಿ ಎರಡು ಮಾಡಿ, ಜನ 10ಕ್ಕಿಂತ ಕಮ್ಮಿಯಾದರೆ ಗ್ರಾಚ್ಯುಟಿ ತಪ್ಪುತ್ತೆ ಅನ್ನೋ ಲೆಕ್ಕಾಚಾರವೂ ನಡೆಯೋದಿಲ್ಲ. ಒಮ್ಮೆ ಅನ್ವಯವಾದ ನಿಯಮ, ಸಂಖ್ಯೆ ಇಳಿದರೂ ಆ ಅಂಗಡಿಗೆ ಮುಂದುವರಿಯುತ್ತೆ.

‘ಲಾಭದಲ್ಲಿ ಪಾಲು’ ಅಂದರೆ?

ಹೊಸ ಘಟಕ ನೋಡಿಕೊಳ್ಳುವ ನಂಬಿಕಸ್ಥನಿಗೆ ‘ಸಂಬಳ ಸದ್ಯ ಇಷ್ಟೇ, ಲಾಭದಲ್ಲಿ ಪಾಲು ಕೊಡ್ತೀನಿ’ ಅನ್ನೋದು ರೂಢಿ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಲಾಭದಲ್ಲಿ ಪಾಲು ಪಡೆದ ಮಾತ್ರಕ್ಕೆ ಕೆಲಸಗಾರ ಪಾಲುದಾರ ಆಗೋದಿಲ್ಲ. ಹಾಗಾಗಿ ಶೇಕಡಾ ಎಷ್ಟು, ಬಾಡಿಗೆ-ಬಡ್ಡಿ ಕಳೆದ ಮೇಲೋ ಮೊದಲೋ, ಯಾವ ತಿಂಗಳು ಲೆಕ್ಕ, ನಡುವೆ ಬಿಟ್ಟರೆ ಏನು ಅನ್ನೋದನ್ನು ಬರೆದು ಇಬ್ಬರೂ ಸಹಿ ಹಾಕಲಿ. ನಿಜಕ್ಕೂ ಪಾಲುದಾರ ಮಾಡೋದಾದರೆ ಪಾಲುದಾರಿಕೆ ಪತ್ರವೇ ಆಗಬೇಕು. ಆಗ ನಷ್ಟದಲ್ಲಿ, ಸಾಲದಲ್ಲಿ ಅವನೂ ಹೊಣೆ ಅನ್ನೋದನ್ನು ಮೊದಲೇ ಹೇಳಿಬಿಡಬೇಕು.

ಹೊಸ ಬೋರ್ಡ್ ಬರೆಸುವ ಮೊದಲು ಈ ಕಾಗದಗಳು ಆಗಿಬಿಟ್ಟರೆ ಅಣ್ಣ-ತಮ್ಮನ ಸಂಬಂಧವೂ ಉಳಿಯುತ್ತೆ, ದುಡಿದವನ 8 ವರ್ಷವೂ ಉಳಿಯುತ್ತೆ.