ಪ್ರಶ್ನೆ ಒಂದು, ಉತ್ತರ ಹಲವು

ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಬಂಡೆಯ ಬಣ್ಣ ಕೆಂಪು. ಇಳಕಲ್ಲಿನ ಗಣಿಗಳಿಂದ ದೂರದೂರದ ಊರುಗಳಿಗೆ ಹೋಗುವ ಕಲ್ಲಿನ ಬಣ್ಣವೂ ಕೆಂಪು. ಎರಡು ಊರುಗಳೂ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇವೆ. ಹಾಗಾದರೆ ಇವೆರಡೂ ಒಂದೇ ಜಾತಿಯ ಶಿಲೆಯೆ?

ಯಾರು ಬೇಕಾದರೂ ಕೇಳಬಹುದಾದ, ಯಾರು ಬೇಕಾದರೂ ಉತ್ತರಿಸಬಹುದಾದ ಒಂದು ಜಾಲತಾಣದಲ್ಲಿ ವಿದ್ಯಾರ್ಥಿಯೊಬ್ಬನು ಈ ಪ್ರಶ್ನೆಯನ್ನು ಹಾಕಿದನೆಂದು ಭಾವಿಸೋಣ. ಐದು ನಿಮಿಷಗಳೊಳಗೆ ಬಾಗಲಕೋಟೆಯ ವಿದ್ಯಾರ್ಥಿಯೊಬ್ಬನು, "ಒಂದೇ; ಬಣ್ಣವೇ ಅದಕ್ಕೆ ಸಾಕ್ಷಿ" ಎಂದು ಉತ್ತರಿಸುತ್ತಾನೆ. ಹುನಗುಂದದ ವಿದ್ಯಾರ್ಥಿನಿಯೊಬ್ಬಳು, "ಎರಡರಲ್ಲಿಯೂ ಕಬ್ಬಿಣದ ಅಂಶವಿದೆ, ಆದುದರಿಂದ ಒಂದೇ" ಎಂದು ಅವನನ್ನು ಅನುಮೋದಿಸುತ್ತಾಳೆ. ಬಾದಾಮಿಯವನೊಬ್ಬನು, "ನಮ್ಮದು ಮರಳುಗಲ್ಲು, ಇಳಕಲ್ಲಿನ ಕಲ್ಲಿನ ವಿಷಯ ನನಗೆ ತಿಳಿಯದು" ಎನ್ನುತ್ತಾನೆ. ಮರುದಿನ ಸಂಜೆ ಇಳಕಲ್ಲಿನ ಕಲ್ಲುಗಣಿಯ ಕೆಲಸಗಾರರ ಮನೆಯ ಹುಡುಗಿಯೊಬ್ಬಳು, "ಒಂದೇ ಅಲ್ಲ. ಎರಡನ್ನೂ ಒಡೆದು, ಹೊಸ ಮುಖವನ್ನು ಭೂತಗನ್ನಡಿಯಲ್ಲಿ ನೋಡಿರಿ" ಎಂದು ಬರೆಯುತ್ತಾಳೆ. ಅಷ್ಟು ಹೊತ್ತಿಗೆ ಮೊದಲ ಉತ್ತರಕ್ಕೆ 40 ಜನರ ಒಪ್ಪಿಗೆ ಬಿದ್ದಿರುತ್ತದೆ; ಕೊನೆಯ ಉತ್ತರಕ್ಕೆ 3 ಜನರದು ಮಾತ್ರ.

ಸತ್ಯವು ಇಳಕಲ್ಲಿನ ಹುಡುಗಿಯ ಕಡೆಗಿದೆ. ಬಾದಾಮಿಯದು ಮರಳುಗಲ್ಲು, ಬಹು ಪ್ರಾಚೀನ ಕಾಲದಲ್ಲಿ ನೀರು ತಂದು ಹಾಸಿದ ಮರಳು ಪದರಪದರವಾಗಿ ಗಟ್ಟಿಗೊಂಡು ಆದ ಶಿಲೆ. ಅದರ ಕಣಗಳಿಗೆ ಅಂಟಿರುವ ಕಬ್ಬಿಣದ ಆಕ್ಸೈಡು ಅದಕ್ಕೆ ಕೆಂಪು ಬಣ್ಣವನ್ನು ಕೊಟ್ಟಿದೆ. ಚಾಣಕ್ಕೆ ಒಲಿಯುವ ಈ ಕಲ್ಲಿನಲ್ಲಿಯೇ ಚಾಲುಕ್ಯರು ಗುಹಾಲಯಗಳನ್ನು ಕೊರೆಯಿಸಿದರು. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ. ಶ. 578. ಇಳಕಲ್ಲಿನದಾದರೋ ಗ್ರಾನೈಟ್. ಭೂಗರ್ಭದಲ್ಲಿ ಕರಗಿದ್ದ ಶಿಲಾರಸವು ನಿಧಾನವಾಗಿ ತಣಿದು, ಹರಳುಗಳು ಒಂದರೊಳಗೊಂದು ಹೆಣೆದುಕೊಂಡು ಆದ ಶಿಲೆ ಅದು. ಅದರ ಕೆಂಪಿಗೆ ಮುಖ್ಯ ಕಾರಣ ಫೆಲ್ಡ್‌ಸ್ಪಾರ್ ಎಂಬ ಖನಿಜ. ಒಡೆದ ಮುಖದಲ್ಲಿ ಮೊದಲನೆಯದು ಮರಳಿನ ಕಣಗಳನ್ನು ತೋರಿಸಿದರೆ, ಎರಡನೆಯದು ಹೊಳೆಯುವ ಹರಳುಗಳನ್ನು ತೋರಿಸುತ್ತದೆ. ಹುನಗುಂದದವಳ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಕಬ್ಬಿಣದ ಅಂಶವು ಎರಡು ಕಡೆಯೂ ಉಂಟು. ಆದರೆ ಬಣ್ಣ ಒಂದಾದ ಮಾತ್ರಕ್ಕೆ ಹುಟ್ಟು ಒಂದಾಗುವುದಿಲ್ಲ.

ಈಗ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಮೂರನೆಯ ದಿನ ಆ ಪುಟವನ್ನು ತೆರೆಯುವ ವಿದ್ಯಾರ್ಥಿಯ ಕಣ್ಣಿಗೆ ಮೊದಲು ಬೀಳುವುದು ಯಾವ ಉತ್ತರ? ಅದನ್ನು ನಿರ್ಧರಿಸುವುದು ಕಲ್ಲಿನ ಗುಣವಲ್ಲ. ಆ ತಾಣದ ಏರ್ಪಾಡು. ಆ ಏರ್ಪಾಡು ಹೇಗಿದ್ದರೆ ಸರಿಯಾದ ಉತ್ತರವು ಮೇಲೇರೀತು ಎಂಬುದೇ ಈ ಲೇಖನದ ವಿಷಯ.

ಒಬ್ಬರು ಹೇಳುವುದು, ಹಲವರು ಹೇಳುವುದು

ಪ್ರಶ್ನೋತ್ತರವು ನಮ್ಮ ನಾಡಿಗೆ ಹೊಸದಲ್ಲ. ಹುನಗುಂದದ ಸೀಮೆಯ ಕೂಡಲಸಂಗಮವನ್ನು ತಮ್ಮ ಅಂಕಿತದಲ್ಲಿ ಹೊತ್ತ ಬಸವಣ್ಣನವರೂ ಅವರ ಸಂಗಡಿಗರೂ ನಡೆಸಿದ ಚರ್ಚೆಗಳನ್ನು, 15ನೆಯ ಶತಮಾನದ ಶೂನ್ಯಸಂಪಾದನೆಯು ಸಂವಾದದ ರೂಪದಲ್ಲಿಯೇ ಕಟ್ಟಿಕೊಟ್ಟಿತು. ನಮ್ಮ ಕಾಲಕ್ಕೆ ಬಂದರೆ, ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯಲ್ಲಿ ನಡೆಸಿದ 'ಇಗೋ ಕನ್ನಡ' ಅಂಕಣವನ್ನು ನೆನೆಯಬಹುದು. ಪದಗಳ ಅರ್ಥವನ್ನೂ ಮೂಲವನ್ನೂ ಕುರಿತು ಓದುಗರು ಕೇಳುತ್ತಿದ್ದರು, ನಿಘಂಟುಕಾರರು ಉತ್ತರಿಸುತ್ತಿದ್ದರು. ಅಲ್ಲಿ ಮತ ಎಣಿಸುವ ಅಗತ್ಯವಿರಲಿಲ್ಲ. ಉತ್ತರಕ್ಕೆ ಹೊಣೆಗಾರರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು.

ಆದರೆ ಒಬ್ಬ ವಿದ್ವಾಂಸರು ಎಷ್ಟು ಪ್ರಶ್ನೆಗಳಿಗೆ ತಾನೆ ಉತ್ತರಿಸಬಲ್ಲರು? ಲಕ್ಷಾಂತರ ಜನರು ಕೇಳತೊಡಗಿದಾಗ ಉತ್ತರಿಸುವವರೂ ಹಲವರಾಗಬೇಕಾಯಿತು. 2005ರಲ್ಲಿ ಆರಂಭವಾದ ಯಾಹೂ ಆನ್ಸರ್ಸ್ ಅಂತಹ ತಾಣಗಳಲ್ಲೊಂದು. 2021ರಲ್ಲಿ ಅದು ಮುಚ್ಚಿತು. 2008ರಲ್ಲಿ ಕಂಪ್ಯೂಟರ್ ಕ್ರಮವಿಧಿ ಬರೆಯುವವರಿಗಾಗಿ ಸ್ಟ್ಯಾಕ್ ಓವರ್‌ಫ್ಲೋ ಹುಟ್ಟಿತು. ಕೋರಾ ಎಂಬ ತಾಣವು ಕನ್ನಡದಲ್ಲಿಯೂ ತನ್ನ ಆವೃತ್ತಿಯನ್ನು ತೆರೆದದ್ದುಂಟು. ಇವುಗಳಲ್ಲಿ ಉತ್ತರ ಬರೆಯುವವರೂ ಜನರೇ, ಅದನ್ನು ತೂಗುವವರೂ ಜನರೇ.

ಎಣಿಕೆಯ ಬಲವೂ ದೌರ್ಬಲ್ಯವೂ

ಜನರ ಗುಂಪು ಸರಿಯಾಗಿ ತೂಗಬಲ್ಲುದೆ? 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸುವ ಪಂದ್ಯ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಯು ಆ ಚೀಟಿಗಳನ್ನು ಪಡೆದು ಪರಿಶೀಲಿಸಿದನು. ಲೆಕ್ಕಕ್ಕೆ ಬಂದ 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ನಿಂತ ಊಹೆ 1207 ಪೌಂಡು. ನಿಜವಾದ ತೂಕ 1198 ಪೌಂಡು. ಅಂತರವು ನೂರಕ್ಕೆ ಒಂದರಷ್ಟೂ ಇರಲಿಲ್ಲ! ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರತಿಯೊಬ್ಬನೂ ತನ್ನ ಚೀಟಿಯನ್ನು ತಾನೇ ಬರೆದು ಕೊಟ್ಟಿದ್ದನು. ಇತರರ ಊಹೆಗಳ ಪಟ್ಟಿಯನ್ನು ಅವನ ಕಣ್ಣೆದುರಿಗೆ ಯಾರೂ ತೂಗುಹಾಕಿರಲಿಲ್ಲ.

ಇದರ ಗಣಿತವನ್ನು ಫ್ರಾನ್ಸಿನ ಕಾಂಡಾರ್ಸೆ 1785ರಲ್ಲಿಯೇ ತೋರಿಸಿದ್ದನು. ಒಬ್ಬೊಬ್ಬರೂ ಹತ್ತು ಸಲಕ್ಕೆ ಆರು ಸಲ ಸರಿಯಾಗಿ ಹೇಳಬಲ್ಲವರೆಂದು ಇಟ್ಟುಕೊಳ್ಳೋಣ. ಅಂತಹ ಮೂವರು ಸ್ವತಂತ್ರವಾಗಿ ಮತ ಕೊಟ್ಟರೆ ಬಹುಮತವು ಸರಿಯಾಗುವ ಸಂಭವ ನೂರಕ್ಕೆ ಸುಮಾರು 65, ಐವರಾದರೆ 68, 101 ಜನರಾದರೆ ಸುಮಾರು 98. ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಒಬ್ಬೊಬ್ಬರೂ ಹತ್ತು ಸಲಕ್ಕೆ ನಾಲ್ಕು ಸಲ ಮಾತ್ರ ಸರಿಯಾಗಿ ಹೇಳುವವರಾದರೆ, ಮೂವರ ಬಹುಮತ ಸರಿಯಾಗುವ ಸಂಭವ 35ಕ್ಕೆ ಇಳಿಯುತ್ತದೆ. ಜನ ಹೆಚ್ಚಿದಂತೆಲ್ಲ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ!

ಇದು ಬರಿಯ ಲೆಕ್ಕದ ವಿನೋದವಲ್ಲ. "ಹೊಲದಲ್ಲಿ ಹಾವು ಕಡಿದರೆ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಬೇಕೆ?" ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿರಿ. ಕಟ್ಟಬೇಕೆಂದು ಕೇಳಿ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಅವರೆಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಒಪ್ಪಿಗೆಯ ಮತ ಹಾಕಿಯಾರು. ವೈದ್ಯಶಾಸ್ತ್ರವು ಹೇಳುವುದು ಬೇರೆ. ಬಿಗಿಯಾಗಿ ಕಟ್ಟಬಾರದು, ಗಾಯವನ್ನು ಕೊಯ್ಯಬಾರದು, ಬಾಯಿಯಿಂದ ಹೀರಬಾರದು. ಉಂಗುರ, ಕಾಲುಗೆಜ್ಜೆಗಳನ್ನು ತೆಗೆದು, ಕಡಿಸಿಕೊಂಡ ಅಂಗವನ್ನು ಅಲುಗಾಡಿಸದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದೇ ಔಷಧ. ಇಂತಹ ಪ್ರಶ್ನೆಗೆ ಎಣಿಕೆಯಲ್ಲಿ ಗೆದ್ದ ತಪ್ಪು ಉತ್ತರವು ಒಂದು ಕಾಲನ್ನೋ ಒಂದು ಜೀವವನ್ನೋ ಬಲಿ ತೆಗೆದುಕೊಳ್ಳಬಹುದು.

ಮೊದಲ ಮತದ ಮೋಹ

ಜಾಲತಾಣದಲ್ಲಿ ಇನ್ನೊಂದು ತೊಡಕಿದೆ. ಜಾತ್ರೆಯ ಚೀಟಿಗಳಂತೆ ಇಲ್ಲಿನ ಮತಗಳು ಸ್ವತಂತ್ರವಲ್ಲ. ಹಿಂದಿನವರ ಎಣಿಕೆ ಮುಂದಿನವರ ಕಣ್ಣಿಗೆ ಬೀಳುತ್ತದೆ. ಇದರ ಪರಿಣಾಮವನ್ನು ಮುಚ್ನಿಕ್, ಅರಾಲ್ ಮತ್ತು ಟೇಲರ್ ಎಂಬ ಮೂವರು ಸಂಶೋಧಕರು ಪ್ರಯೋಗದಿಂದ ಅಳೆದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಸುದ್ದಿತಾಣದಲ್ಲಿ ಓದುಗರು ಬರೆದ ಒಂದು ಲಕ್ಷಕ್ಕೂ ಮಿಕ್ಕ ಅಭಿಪ್ರಾಯಗಳು ಈ ಪ್ರಯೋಗಕ್ಕೆ ಒಳಪಟ್ಟವು. ಅವುಗಳಲ್ಲಿ ಕೆಲವಕ್ಕೆ, ಯಾವುದೆಂದು ಆರಿಸದೆ, ಆರಂಭದಲ್ಲಿಯೇ ಒಂದೊಂದು ಕೃತಕ ಒಪ್ಪಿಗೆಯ ಮತವನ್ನು ಸೇರಿಸಿದರು. ಮುಂದಿನ ಓದುಗನು ಒಪ್ಪಿಗೆ ಸೂಚಿಸುವ ಸಂಭವವು ಅದರಿಂದ ನೂರಕ್ಕೆ 32ರಷ್ಟು ಏರಿತು. ಕೊನೆಯ ಅಂಕವು ಸರಾಸರಿ ನೂರಕ್ಕೆ 25ರಷ್ಟು ಹೆಚ್ಚಿತು. ಕೃತಕವಾಗಿ ಹಾಕಿದ ಅಸಮ್ಮತಿಯ ಮತವನ್ನಾದರೋ ಜನರು ತಾವೇ ಸರಿಪಡಿಸಿದರು. ಅಂದರೆ ಅನ್ಯಾಯದ ತೆಗಳಿಕೆಯನ್ನು ಗುಂಪು ತಿದ್ದುತ್ತದೆ, ಅನ್ಯಾಯದ ಹೊಗಳಿಕೆಯನ್ನು ಬೆಳೆಸುತ್ತದೆ.

ಬಾಗಲಕೋಟೆಯ ವಿದ್ಯಾರ್ಥಿಗೆ 40 ಮತಗಳು ದೊರೆತ ಬಗೆ ಇದರಿಂದ ತಿಳಿಯುತ್ತದೆ. ಅವನು ಮೊದಲು ಬಂದನು, ಅಷ್ಟೆ. ಇದಕ್ಕೆ ಸುಲಭವಾದ ಪರಿಹಾರವೊಂದುಂಟು. ಆರಂಭದ ಕೆಲವು ಕಾಲ ಮತಗಳ ಎಣಿಕೆಯನ್ನು ಮರೆಮಾಡಿ, ಉತ್ತರಗಳನ್ನು ಓದುಗರೊಬ್ಬೊಬ್ಬರಿಗೂ ಬೇರೆಬೇರೆ ಕ್ರಮದಲ್ಲಿ ತೋರಿಸುವುದು. ಆಗ ಪ್ರತಿಯೊಬ್ಬನೂ ಚೀಟಿ ಬರೆಯುವ ಜಾತ್ರೆಯವನಾಗುತ್ತಾನೆ.

ಎಣಿಸುವ ಕ್ರಮ

ಎಣಿಸುವುದರಲ್ಲಿಯೂ ಜಾಣತನ ಬೇಕು. ಮೂರು ಉತ್ತರಗಳಿವೆಯೆನ್ನೋಣ. ಮೊದಲನೆಯದಕ್ಕೆ 40 ಒಪ್ಪಿಗೆ, 20 ಅಸಮ್ಮತಿ. ಎರಡನೆಯದಕ್ಕೆ 18 ಒಪ್ಪಿಗೆ, 2 ಅಸಮ್ಮತಿ. ಮೂರನೆಯದಕ್ಕೆ ಒಂದೇ ಒಂದು ಒಪ್ಪಿಗೆ. ಒಪ್ಪಿಗೆಯಿಂದ ಅಸಮ್ಮತಿಯನ್ನು ಕಳೆದರೆ ಮೊದಲನೆಯದು ಗೆಲ್ಲುತ್ತದೆ. ಶೇಕಡಾವಾರು ನೋಡಿದರೆ ಒಬ್ಬನೇ ಮೆಚ್ಚಿದ ಮೂರನೆಯದು ನೂರಕ್ಕೆ ನೂರು ಪಡೆದು ಮೇಲೇರುತ್ತದೆ! ಎರಡು ಕ್ರಮಗಳೂ ಸಮಂಜಸವಲ್ಲ.

ಅಮೆರಿಕದ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸಂಖ್ಯಾಶಾಸ್ತ್ರದ ಸೂತ್ರವೊಂದು ಇಲ್ಲಿ ನೆರವಾಗುತ್ತದೆ. "ಇಷ್ಟು ಮತಗಳನ್ನು ನೋಡಿದ ಮೇಲೆ, ನಿಜವಾದ ಒಪ್ಪಿಗೆಯ ಪ್ರಮಾಣವು ಕಡಿಮೆಯೆಂದರೂ ಎಷ್ಟಿದ್ದೀತೆಂದು ಭರವಸೆಯಿಂದ ಹೇಳಬಹುದು?" ಎಂದು ಅದು ಕೇಳುತ್ತದೆ. ಸಾಮಾನ್ಯವಾಗಿ ಬಳಸುವ ನೂರಕ್ಕೆ 95ರ ಭರವಸೆಯಲ್ಲಿ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ನೂರಕ್ಕೆ 54, ಎರಡನೆಯದಕ್ಕೆ 70, ಮೂರನೆಯದಕ್ಕೆ 21 ಬರುತ್ತವೆ. ಎರಡನೆಯ ಉತ್ತರವೇ ಮೇಲಿರಬೇಕೆಂದು ನಮ್ಮ ವಿವೇಕವೂ ಹೇಳುತ್ತದೆ. ರೆಡಿಟ್ ಎಂಬ ಚರ್ಚಾತಾಣವು 2009ರಲ್ಲಿ ಈ ಕ್ರಮವನ್ನು ಅಳವಡಿಸಿಕೊಂಡಿತು.

ಹಾಗಿದ್ದರೂ ನಮ್ಮ ಕಲ್ಲಿನ ಪ್ರಶ್ನೆಗೆ ಈ ಸೂತ್ರವೊಂದೇ ಸಾಲದು. ಯಾರೂ ಅಸಮ್ಮತಿ ಸೂಚಿಸದಿದ್ದರೆ, ಬಾಗಲಕೋಟೆಯವನ 40 ಮತಗಳಿಗೆ 91 ಬರುತ್ತದೆ. ಇಳಕಲ್ಲಿನವಳ 3 ಮತಗಳಿಗೆ 44. ಮತಗಳಲ್ಲಿ ಇಲ್ಲದ ತಿಳಿವನ್ನು ಯಾವ ಗಣಿತವೂ ಹೊರತೆಗೆಯಲಾರದು. ಇಲ್ಲಿ ಮನುಷ್ಯನ ಮೇಲ್ವಿಚಾರಣೆ ಬೇಕಾಗುತ್ತದೆ.

ಮೇಲ್ವಿಚಾರಣೆಯ ಬಗೆಗಳು

ಮೇಲ್ವಿಚಾರಣೆಯೆಂದರೆ ಬಾಯಿ ಮುಚ್ಚಿಸುವುದಲ್ಲ. ಸಾಕ್ಷ್ಯವು ಎದ್ದು ಕಾಣುವಂತೆ ಮಾಡುವುದು. ಸ್ಟ್ಯಾಕ್ ಓವರ್‌ಫ್ಲೋ ಇದಕ್ಕೆ ಹಂತಹಂತದ ವಿಶ್ವಾಸವನ್ನು ರೂಢಿಸಿತು. ಒಳ್ಳೆಯ ಉತ್ತರ ಬರೆದವನಿಗೆ ಅಂಕಗಳು. ಅಂಕಗಳು ಕೂಡಿದಂತೆ ಮತ ಹಾಕುವ, ಇತರರ ಬರಹವನ್ನು ತಿದ್ದುವ, ಅಸ್ಪಷ್ಟ ಪ್ರಶ್ನೆಯನ್ನು ತಡೆಹಿಡಿಯುವ ಅಧಿಕಾರ. ಇನ್ನೊಬ್ಬರ ಉತ್ತರಕ್ಕೆ ಅಸಮ್ಮತಿ ಸೂಚಿಸುವವನು ತನ್ನದೂ ಒಂದು ಅಂಕವನ್ನು ಕಳೆದುಕೊಳ್ಳಬೇಕೆಂಬ ನಿಯಮವನ್ನೂ ಅದು ಇಟ್ಟಿತು. ಹಗೆಯಿಂದ ಮತ ಹಾಕುವುದಕ್ಕೆ ಇದೊಂದು ಕಡಿವಾಣ. ಸ್ಲ್ಯಾಶ್‌ಡಾಟ್ ಎಂಬ ಹಳೆಯ ತಾಣವು 1990ರ ದಶಕದ ಕೊನೆಯಲ್ಲಿ ಮತ್ತೊಂದು ಉಪಾಯವನ್ನು ಕಂಡುಕೊಂಡಿತ್ತು: ಓದುಗರಲ್ಲಿಯೇ ಕೆಲವರಿಗೆ ಸರದಿಯ ಮೇಲೆ ತೀರ್ಪುಗಾರಿಕೆ, ಆ ತೀರ್ಪುಗಳನ್ನು ತೂಗಲು ಬೇರೆ ಓದುಗರು. ಕಾಯುವವರನ್ನು ಕಾಯುವವರಾರು ಎಂಬ ಹಳೆಯ ಪ್ರಶ್ನೆಗೆ ಇದು ಒಂದು ಉತ್ತರ.

ಬಿಗಿ ಹೆಚ್ಚಾದರೂ ಅಪಾಯವೇ. "ಇದನ್ನು ಹಿಂದೆಯೇ ಕೇಳಿದ್ದಾರೆ" ಎಂದು ಹೊಸ ವಿದ್ಯಾರ್ಥಿಯ ಪ್ರಶ್ನೆಯನ್ನು ಮುಚ್ಚಿದರೆ ಅವನು ಮರಳಿ ಬರಲಾರ. ತಾನು ಹೊಸಬರನ್ನು ಆದರದಿಂದ ಬರಮಾಡಿಕೊಳ್ಳುತ್ತಿಲ್ಲವೆಂದು ಸ್ಟ್ಯಾಕ್ ಓವರ್‌ಫ್ಲೋ 2018ರಲ್ಲಿ ತಾನೇ ಬಹಿರಂಗವಾಗಿ ಒಪ್ಪಿಕೊಂಡಿತು. ಪ್ರಶ್ನೆಯನ್ನು ಮುಚ್ಚುವಾಗ ಕಾರಣವನ್ನು ಹೇಳಿ, ಹಳೆಯ ಉತ್ತರದ ದಾರಿಯನ್ನು ತೋರಿಸಿ, ಪ್ರಶ್ನೆಯನ್ನು ತಿದ್ದಿ ಮತ್ತೆ ಕೇಳಲು ಅವಕಾಶ ಕೊಡುವುದೇ ಲೇಸು.

ಈಚೆಗೆ ಯಂತ್ರಗಳೂ ಉತ್ತರ ಬರೆಯತೊಡಗಿವೆ. 2022ರ ಡಿಸೆಂಬರಿನಲ್ಲಿ ಅದೇ ತಾಣವು ಚಾಟ್‌ಜಿಪಿಟಿಯಿಂದ ಬರೆಯಿಸಿದ ಉತ್ತರಗಳನ್ನು ನಿಷೇಧಿಸಿತು. ನೋಡಲು ಚೆನ್ನಾಗಿದ್ದು ಒಳಗೆ ತಪ್ಪಾಗಿರುವ ಉತ್ತರಗಳು, ಪರೀಕ್ಷಿಸುವವರ ಕೈಗೆ ಮೀರುವಷ್ಟು ಬಂದದ್ದೇ ಅದಕ್ಕೆ ಕಾರಣ.

ಮತ್ತೆ ಕಲ್ಲಿನ ಬಳಿಗೆ

ಒಳ್ಳೆಯ ಏರ್ಪಾಡಿರುವ ತಾಣದಲ್ಲಿ ನಮ್ಮ ನಾಲ್ವರು ವಿದ್ಯಾರ್ಥಿಗಳ ಕಥೆ ಹೇಗೆ ಸಾಗೀತು? ಮೊದಲ ದಿನ ಮತಗಳ ಎಣಿಕೆ ಕಾಣುವುದಿಲ್ಲ. "ಬಣ್ಣವಲ್ಲದೆ ಬೇರೆ ಸಾಕ್ಷ್ಯವಿದೆಯೆ?" ಎಂದು ಮೇಲ್ವಿಚಾರಕನು ಪ್ರತಿಯೊಬ್ಬರನ್ನೂ ಕೇಳುತ್ತಾನೆ. ಇಳಕಲ್ಲಿನ ಹುಡುಗಿಯು ಒಡೆದ ಗ್ರಾನೈಟಿನ ಚಿತ್ರವನ್ನು ಸೇರಿಸುತ್ತಾಳೆ, ಬಾದಾಮಿಯವನು ಮರಳುಗಲ್ಲಿನದನ್ನು. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಬಾಗಲಕೋಟೆಯವನು ತನ್ನ ಉತ್ತರವನ್ನು ತಾನೇ ತಿದ್ದುತ್ತಾನೆ. ತಿದ್ದಿದವನ ಅಂಕಗಳು ಕಡಿಮೆಯಾಗುವುದಿಲ್ಲ. ಹಳೆಯ ಉತ್ತರವೂ ಅಳಿಯದೆ ಇತಿಹಾಸದಲ್ಲಿ ಉಳಿಯುತ್ತದೆ. ಬಣ್ಣವನ್ನು ನಂಬಿ ಮೋಸಹೋಗುವ ಮುಂದಿನ ವಿದ್ಯಾರ್ಥಿಗೆ ಅದೊಂದು ಪಾಠ. ಹಾವಿನ ಕಡಿತದಂತಹ ಪ್ರಶ್ನೆ ಬಂದಾಗಲಾದರೋ ಮತದಾನಕ್ಕೆ ಕಾಯದೆ, ವೈದ್ಯರು ಒಪ್ಪಿದ ಉತ್ತರವನ್ನೇ ಎಲ್ಲಕ್ಕಿಂತ ಮೇಲೆ ನಿಲ್ಲಿಸಬೇಕು.

ವಿದ್ಯಾರ್ಥಿ ಮಿತ್ರರೆ, ನೀವು ಇಂತಹ ತಾಣಗಳಲ್ಲಿ ಓದುವವರೂ ಹೌದು, ಮತ ಹಾಕುವವರೂ ಹೌದು. ಮುಂದಿನ ಸಲ ಒಂದು ಉತ್ತರವನ್ನು ಮೆಚ್ಚುವ ಮುನ್ನ, ಇದನ್ನು ಬರೆದವರು ತಾವು ನೋಡಿದುದನ್ನು ಹೇಳುತ್ತಿದ್ದಾರೆಯೆ, ಕೇಳಿದುದನ್ನು ಹೇಳುತ್ತಿದ್ದಾರೆಯೆ ಎಂದು ವಿಚಾರಿಸಿರಿ. ಎಲ್ಲಕ್ಕಿಂತ ಕೆಳಗಿರುವ ಉತ್ತರವನ್ನೂ ಒಮ್ಮೆ ಓದಿರಿ. ಬಾದಾಮಿಗೂ ಇಳಕಲ್ಲಿಗೂ ಹೋಗುವ ಸಂದರ್ಭ ಒದಗಿದರೆ, ದಾರಿಯಲ್ಲಿ ಬಿದ್ದಿರುವ ಒಂದೊಂದು ಚೂರು ಕಲ್ಲನ್ನು ಕೈಗೆತ್ತಿಕೊಂಡು ಭೂತಗನ್ನಡಿಯಲ್ಲಿ ನೋಡಿರಿ. ಆಗ ನಿಮಗೆ ನಮ್ಮ ಮಾತನ್ನೂ ನಂಬಬೇಕಾದ ಅಗತ್ಯವಿರುವುದಿಲ್ಲ.